ಅಪ್ಪನ ಸೈಕಲ್ಲಿಗೆ ಎರಡು ಸಲ ಬಣ್ಣ ಹೊಡೆದ ಕತೆ

ಅಪ್ಪನ ಹಳೇ 22 ಇಂಚಿನ ಸೈಕಲ್ಲಿಗೆ ನಾನು ಮೊದಲ ಸಲ ಬಣ್ಣ ಹೊಡೆದದ್ದು ಆಗಸ್ಟ್ ತಿಂಗಳಲ್ಲಿ. ಕೊಡಗಿನ ಸುಂಟಿಕೊಪ್ಪದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದು ಅವರಿಗೇ ಗೊತ್ತಾಗುತ್ತೆ.

ಹೊರಗೆ ಬಿಡದ ಮಳೆ, ಮಾಡಲು ಬೇರೆ ಕೆಲಸವಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಫ್ರೇಮ್ ನೇತುಹಾಕಿ ಎನಾಮಲ್ ಬಳಿದೆ. ಮೂರು ದಿನ ಕಳೆದರೂ ಬೆರಳಿಟ್ಟರೆ ಅಂಟು. ಐದನೇ ದಿನ ಒಣಗಿದ ಹಾಗೆ ಕಂಡಿತು, ಎರಡನೇ ಕೋಟ್ ಹಾಕಿದೆ. ಸ್ವಲ್ಪ ಹೊತ್ತಿಗೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಒಳಗಿನ ಪದರ ಇನ್ನೂ ಹಸಿಯಾಗಿಯೇ ಇತ್ತು. ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದ ಹೊತ್ತಿಗೆ ಅಲ್ಲಲ್ಲಿ ಗುಳ್ಳೆ ಎದ್ದು, ಚಿವುಟಿದರೆ ಅಡಿಯಲ್ಲಿ ತುಕ್ಕು. ಅಗ್ಗದ ಬಣ್ಣ ಕೊಟ್ಟಿರಿ ಅಂತ ಅಂಗಡಿಯಲ್ಲಿ ಗೊಣಗಿದೆ. "ಮಳೆಗಾಲದಲ್ಲಿ ಕಾಫಿ ಒಣಗಿಸ್ತೀಯಾ ಮಾರಾಯ? ಇದೂ ಹಾಗೇ" ಅಂದರು ಅಲ್ಲಿನ ಹಿರಿಯರು. ಅದೇ ಬಣ್ಣ ಇನ್ನೊಂದು ಡಬ್ಬಿ ತಂದಿಟ್ಟೆ.

ಜನವರಿಯಲ್ಲಿ ಮತ್ತೆ ಶುರು. ಬಿಚ್ಚುವಾಗ ಸತಾಯಿಸಿದ್ದು ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಹಿಡಿಯುವ ಕಾಟರ್ ಪಿನ್. ರಾತ್ರಿಯೆಲ್ಲ ಸೀಮೆಎಣ್ಣೆ ಕುಡಿಸಿ, ನಟ್ಟನ್ನು ತುದಿಗೆ ಸಮವಾಗಿ ಬಿಟ್ಟು, ಮರದ ತುಂಡು ಅಡ್ಡ ಇಟ್ಟು ಹೊಡೆದಾಗ ಬಂತು. ನಟ್ಟಿಲ್ಲದೆ ಹೊಡೆದರೆ ಪಿನ್ನಿನ ಮರೆಯೇ (ನಟ್ಟು ತಿರುಗುವ ಸುತ್ತುಗೆರೆ) ಚಪ್ಪಟೆ. ಎಡಗಡೆ ಪೆಡಲ್ ಉಲ್ಟಾ ಮರೆ, ಅದನ್ನೂ ನೆನಪಿಟ್ಟುಕೊಳ್ಳಿ.

ಉಜ್ಜುವುದಕ್ಕೇ ಎರಡು ದಿನ ಹೋಯಿತು. ನನ್ನ ಆಗಸ್ಟ್ ಬಣ್ಣವನ್ನು ಪೂರ್ತಿ ಕೆರೆದೆ. ಅದರಡಿ ಕಂಪನಿಯ ಹಳೇ ಬಣ್ಣ ಗಟ್ಟಿಯಾಗಿ ಕೂತ ಕಡೆ ಕಬ್ಬಿಣ ಕಾಣುವವರೆಗೆ ಹೋಗಲಿಲ್ಲ. ಅದಕ್ಕಿಂತ ಒಳ್ಳೇ ತಳ ನಮ್ಮ ಕೈಯಲ್ಲಿ ಆಗುವುದಿಲ್ಲ, ಅಂಚು ಕೈಗೆ ತಗಲದಷ್ಟು ನಯ ಮಾಡಿದರೆ ಸಾಕು. ತುಕ್ಕಿಗೆ 80 ನಂಬರ್ ಉಪ್ಪು ಕಾಗದ, ಆಮೇಲೆ 220. ಥಿನ್ನರ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ತುಕ್ಕು ತಡೆಯುವ ತಳದ ಬಣ್ಣ, ಹೊಡೆದುಬಿಡಬೇಕು. ನಾಳೆಗೆ ಬಿಟ್ಟರೆ ರಾತ್ರಿಯ ಇಬ್ಬನಿಗೆ ಬರೀ ಕಬ್ಬಿಣದ ಮೇಲೆ ಕೆಂಪು ಪುಡಿ ಕಾಣಿಸುತ್ತೆ.

ಎರಡು ಸಿಲ್ವರ್ ಓಕ್ ಮರಗಳ ನಡುವೆ ಹಗ್ಗ ಕಟ್ಟಿ ಫ್ರೇಮ್ ತೂಗುಹಾಕಿದೆ. ಬೆಳಿಗ್ಗೆ ಹತ್ತರೊಳಗೆ ಕುಂಚ ಮುಟ್ಟಲಿಲ್ಲ, ಇಬ್ಬನಿ ಆರಬೇಕಲ್ಲ. ಮಧ್ಯಾಹ್ನ ಎರಡಕ್ಕೆ ಮುಗಿಸಿ, ಸಂಜೆಗೆ ಮುಂಚೆ ಒಳಗೆ. ಎನಾಮಲ್ಲಿಗೆ ಸ್ವಲ್ಪವೇ ಟರ್ಪೆಂಟೈನ್. ಲ್ಯಾಕರ್ ಬಣ್ಣಕ್ಕೆ ಹಾಕುವ ಖಾರದ ಎನ್‌ಸಿ ಥಿನ್ನರ್ ಬೆರೆಸಿದರೆ ಕೆಳಗಿನ ಪದರ ಎಬ್ಬಿಸುತ್ತೆ. ಒಂದಿಂಚಿನ ಕುಂಚದಲ್ಲಿ ಮೊದಲು ಮೂಲೆ, ಜಾಯಿಂಟ್‌ಗಳು, ಆಮೇಲೆ ಪೈಪು. ತೆಳುವಾಗಿ ಎರಡು ಕೋಟ್, ನಡುವೆ ಪೂರ್ತಿ ಒಂದು ದಿನ, ಜೊತೆಗೆ 400 ನಂಬರಿನಿಂದ ಹಗುರಕ್ಕೆ ಒಂದು ಉಜ್ಜು. ಸ್ಪ್ರೇ ಡಬ್ಬಿ ನನಗೆ ಸೇರುವುದಿಲ್ಲ. ಇಷ್ಟು ಸಪೂರ ಪೈಪಿಗೆ ಹೊಡೆದರೆ ಅರ್ಧ ಬಣ್ಣ ಗಾಳಿಗೇ ಹೋಗುತ್ತೆ.

ಮೊದಲ ಕೋಟ್ ದಿನ ಕಣದಲ್ಲಿ ಕಾಫಿ ಕೆದಕುತ್ತಿದ್ದರು. ಆ ಧೂಳೆಲ್ಲ ಬಾರ್ ಮೇಲೆ. ಮಾರನೇ ದಿನ "ಅಮ್ಮ, ಇವತ್ತೊಂದು ದಿನ ಕಣಕ್ಕೆ ಇಳಿಯಬೇಡಿ" ಅಂದೆ. "ಸೈಕಲ್ಲಿಗೋಸ್ಕರ ಕಾಫಿ ಬೂಷ್ಟು ಹಿಡಿಯಲಾ?" ಅಂದರು. ಮನೆ ಹಿಂದಕ್ಕೆ ಹೋಗಿ, ನೆಲಕ್ಕೆ ನೀರು ಚಿಮುಕಿಸಿ ಎರಡನೆಯದು ಹೊಡೆದೆ.

ಹತ್ತು ದಿನ ಬಿಟ್ಟು ಜೋಡಿಸಿದೆ. ಕ್ಯಾರಿಯರ್ ಕ್ಲಾಂಪಿನಡಿ ಹಳೇ ಟ್ಯೂಬಿನ ಚೂರು ಸುತ್ತಿದೆ, ಇಲ್ಲದಿದ್ದರೆ ಹೊಸ ಬಣ್ಣ ಕಚ್ಚಿಕೊಂಡು ಬರುತ್ತೆ. ಪೈಪಿನೊಳಗೆ ಬೈಕಿನ ಹಳೇ ಇಂಜಿನ್ ಆಯಿಲ್ ಸುರಿದು ತಿರುಗಿಸಿ ಬಸಿದದ್ದು ಕಟ್ಟಕಡೆಗೆ. ಅದನ್ನು ಮೊದಲೇ ಮಾಡಿದ್ದರೆ ಒಸರಿದ ಎಣ್ಣೆಯ ಮೇಲೆ ಬಣ್ಣ ಕೂರುತ್ತಿರಲಿಲ್ಲ.

ಖರ್ಚು ಆರುನೂರರೊಳಗೆ. ಒಂದು ಮಳೆಗಾಲ ಕಳೆದಿದೆ. ಪೆಡಲ್ ಹತ್ತಿರ, ಕೆಸರು ಬಡಿಯುವ ಜಾಗದಲ್ಲಿ ಬೆರಳುಗುರಿನಷ್ಟು ತುಕ್ಕು ಬಂದಿದೆ, ಬೇರೆಲ್ಲೂ ಇಲ್ಲ. ಡಬ್ಬಿಯಲ್ಲಿ ಉಳಿದ ಹಸಿರನ್ನು ಅಪ್ಪ ನನ್ನನ್ನು ಕೇಳದೆ ತೋಟದ ಗೇಟಿಗೆ ಹೊಡೆದುಬಿಟ್ಟರು. ಅದೂ ಜೂನ್‌ನಲ್ಲಿ.