ಮೂವತ್ತೊಂದು ಕುಂದು ಬರೆದು ಹಳೇ ಆರ್‌ಟಿ ಮಾರಿದೆ

ಗಾಡಿ ಹೋಯ್ತು. "ಅದನ್ನ ಇಡಿಯಾಗಿ ಯಾರು ತಗೋತಾರೆ, ಬಿಚ್ಚಿ ಮಾರು" ಅಂತ ಏಳು ತಿಂಗಳು ನನ್ನ ತಲೆ ತಿಂದವರೇ ಈಗ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದ್ದಾರೆ. ಎಲ್ಲರಿಗೂ ಅದೇ ಕತೆ ಹೇಳಿ ಸಾಕಾಗಿದೆ, ಒಂದೇ ಸಲ ಬರೆದಿಡ್ತೀನಿ.

ಗಾಡಿ ಅಂದ್ರೆ ಬಿಎಂಡಬ್ಲ್ಯು ಆರ್100 ಆರ್‌ಟಿ ಬೈಕು, 1979ರದ್ದು. ಏರ್‌ಹೆಡ್ (ಗಾಳಿಯಿಂದ ತಣಿಯೋ ಹಳೇ ಬಿಎಂಡಬ್ಲ್ಯು ಇಂಜಿನ್) ಬಲ್ಲವರಿಗೆ ಬಿಡಿಸಿ ಹೇಳೋದೇನಿಲ್ಲ: 980 ಸಿಸಿ ಬಾಕ್ಸರ್ (ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಚಾಚಿದ ಇಂಜಿನ್), ಎರಡು 40 ಎಂಎಂ ಬಿಂಗ್ ಕಾರ್ಬ್ಯುರೇಟರ್, ಚೈನ್ ಬದಲು ಶಾಫ್ಟ್ ಡ್ರೈವ್, ಪಾಯಿಂಟ್ ಇಗ್ನಿಷನ್, ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್ ಒತ್ತೋ ಭಾಗ) ಇನ್ನೂ ಟ್ಯಾಂಕಿನ ಅಡಿಯಲ್ಲಿ. ಓಡಿದ್ದು ಸುಮಾರು 2,10,000 ಕಿಲೋಮೀಟರ್. ಸುಮಾರು ಅಂದೆ ಯಾಕಂದ್ರೆ ಮಧ್ಯೆ ಒಂದೂವರೆ ವರ್ಷ ಓಡೋಮೀಟರ್ ನಿಂತಿತ್ತು. ಆ ಅವಧಿಯ ಲೆಕ್ಕ ಪೆಟ್ರೋಲ್ ಹಾಕಿಸಿದ ಚೀಟಿಗಳಿಂದ ತೆಗೆದದ್ದು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡ್ತೀನಿ. ಕೊಂಡವನಿಗೆ ಮೊತ್ತ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ. ಆದ್ದರಿಂದ ಕೊನೆಗೆ ನಾನು ಕೇಳಿದ ಬೆಲೆಯನ್ನ 100 ಅಂತ ಇಟ್ಕೊಳ್ಳಿ. ಮಿಕ್ಕಿದ್ದೆಲ್ಲ ಅದರ ಪಾಲಿನಲ್ಲೇ ಹೇಳ್ತೀನಿ, ಅದೂ ನೆನಪಿನಿಂದ.

ಮೊದಲ ಮೂರು ತಿಂಗಳು ಎಲ್ಲರೂ ಮಾಡೋದನ್ನೇ ಮಾಡಿದೆ. ಎರಡು ಟೈರಿಗೆ 9, ಬ್ಯಾಟರಿಗೆ 3, ಸೀಟ್ ಕವರಿಗೆ 4. ಫೇರಿಂಗ್ (ಮುಂದೆ ಗಾಳಿ ತಡೆಯೋ ಹೊದಿಕೆ) ಉಜ್ಜಿ ಉಜ್ಜಿ ಎರಡು ದಿನ ಭುಜ ಎತ್ತೋಕಾಗ್ಲಿಲ್ಲ. ಸಂಜೆ ಬೆಳಕಲ್ಲಿ ಫೋಟೋ ತೆಗೆದು, "ಅತ್ಯುತ್ತಮ ಸ್ಥಿತಿ, ಬಂದು ನೋಡಿ" ಅಂತ ಬರೆದು 85 ಕೇಳಿದೆ. ಫೋನು ಬಂದವು, ಬರಲಿಲ್ಲ ಅಂತಲ್ಲ. ಇಪ್ಪತ್ತೈದಾದರೂ ಬಂದಿರಬೇಕು. ಎಲ್ಲರದೂ ಒಂದೇ ಮಾತು: "ಕೊನೇ ಬೆಲೆ ಎಷ್ಟು?" ಗಾಡಿಯ ಬಗ್ಗೆ ಒಂದು ಪ್ರಶ್ನೆ ಇಲ್ಲ.

ಬಂದವರಲ್ಲಿ ಇಬ್ಬರನ್ನ ಮರೆಯೋಕಾಗಲ್ಲ. ಒಬ್ಬ ಮಂಡಿಯೂರಿ ಕೂತು ಟೈರಿನ ಪಕ್ಕದ ನಾಲ್ಕು ಅಂಕಿ ಓದಿದ. ಮೊದಲೆರಡು ವಾರ, ಕೊನೆಯೆರಡು ವರ್ಷ, ಇದು ನನಗೂ ಗೊತ್ತು. ಕೊಳ್ಳುವಾಗ ಮಾತ್ರ ನೋಡಿರಲಿಲ್ಲ. ಅಗ್ಗಕ್ಕೆ ಸಿಕ್ಕ ನನ್ನ "ಹೊಸ" ಟೈರಿಗೆ ಮೂರು ವರ್ಷ ಆಗಿತ್ತು. ಅವನು ನಕ್ಕು ಎದ್ದ. ಆ 9 ಹಾಗೇ ನೀರಿಗೆ ಹೋಯ್ತು.

ಇನ್ನೊಬ್ಬ ವಯಸ್ಸಾದವರು. ಬಂದವರೇ ಗ್ಲೌಸ್ ತೆಗೆದು ಎಡಗಡೆ ಹೆಡ್ ಕವರ್, ಅಂದ್ರೆ ಸಿಲಿಂಡರ್ ತುದಿಯ ಮುಚ್ಚಳದ ಮೇಲೆ ಅಂಗೈ ಇಟ್ಟರು. "ಬೆಚ್ಚಗಿದೆಯಲ್ಲ" ಅಂದರು. ಅವರು ಬರೋ ಅರ್ಧ ಗಂಟೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದೆ. ಸೈಡ್ ಸ್ಟ್ಯಾಂಡಲ್ಲಿ ರಾತ್ರಿ ನಿಂತರೆ ಆಯಿಲ್ ಎಡ ಸಿಲಿಂಡರಿಗೆ ಇಳಿದು, ಬೆಳಿಗ್ಗೆ ಎಡ ಸೈಲೆನ್ಸರಿಂದ ಒಂದು ನಿಮಿಷ ನೀಲಿ ಹೊಗೆ ಬರುತ್ತೆ. ಏರ್‌ಹೆಡ್‌ಗಳಲ್ಲಿ ಅದು ಮಾಮೂಲು, ಆದರೂ ನೋಡಿದವರು ಹೆದರ್ತಾರೆ ಅಂತ ನಾನೇ ಮುಚ್ಚಿಡೋಕೆ ಹೋದೆ. ಆಮೇಲೆ ಅವರು ಏನೂ ಕೇಳಲಿಲ್ಲ. ಒಂದು ಸುತ್ತು ನೋಡಿ, ಥ್ಯಾಂಕ್ಸ್ ಹೇಳಿ ಹೊರಟರು. ಹೊಗೆ ನೋಡಿದ್ದರೆ ಅವರು ಕೊಳ್ತಿದ್ದರು ಅಂತ ನನಗೆ ಈಗಲೂ ಅನ್ಸುತ್ತೆ.

ಈ ನಡುವೆ ಒಂದು ಪ್ರಯೋಗ. ಬಲಗಡೆ ಹೆಡ್ ಕವರ್ ಒಂದನ್ನೇ ಬಿಚ್ಚಿ ಕನ್ನಡಿ ಥರ ಹೊಳೆಯೋ ಹಾಗೆ ಮಾಡಿದೆ, ಫೋಟೋದಲ್ಲಿ ಎದ್ದು ಕಾಣಲಿ ಅಂತ. ಎದ್ದು ಕಂಡಿತು. ಅದರ ಪಕ್ಕದಲ್ಲಿದ್ದ ಸಿಲಿಂಡರ್, ಕಾರ್ಬ್, ಕ್ರಾಂಕ್ ಕೇಸ್ ಎಲ್ಲ ಸುಟ್ಟ ಪಾತ್ರೆ ಥರ ಕಂಡವು. ಬಂದವರೆಲ್ಲ "ಈ ಕಡೆ ಬಿದ್ದಿತ್ತಾ?" ಅಂತ ಕೇಳಿದರು. ಮತ್ತೆ ಮಂಕಾಗಿಸೋಕೆ ಅದನ್ನ ಒರಟು ಪ್ಯಾಡಲ್ಲಿ ಉಜ್ಜಿದ್ದೇ ಬಂತು.

ಹಳೇ ಗಾಡಿ ವ್ಯಾಪಾರಿಯೊಬ್ಬ 38 ಕೊಡ್ತೀನಿ ಅಂದ, ನಿಂತ ನಿಲುವಲ್ಲೇ. ಗೆಳೆಯರು ಕೊಟ್ಟುಬಿಡು ಅಂದರು. ಬಿಚ್ಚಿ ಮಾರೋ ಲೆಕ್ಕವನ್ನೂ ಹಾಕಿದೆ. ಫೇರಿಂಗ್, ಪ್ಯಾನಿಯರ್ (ಪಕ್ಕದ ಪೆಟ್ಟಿಗೆ), ಕಾರ್ಬ್, ಫೈನಲ್ ಡ್ರೈವ್, ಗೇರ್‌ಬಾಕ್ಸ್, ಕಾಗದದ ಮೇಲೆ ಒಟ್ಟು 110 ಬಂತು. ಆದರೆ ಹಾಗೆ ಬಿಚ್ಚಿದವನೊಬ್ಬ ನನಗೆ ಗೊತ್ತು. ಒಳ್ಳೇ ಭಾಗ ಮೊದಲ ತಿಂಗಳೇ ಹೋದವು. ಮಿಕ್ಕಿದ್ದರ ಮೇಲೆ ನಾಲ್ಕು ವರ್ಷದಿಂದ ಅವನ ಮನೆಯವರು ಬಟ್ಟೆ ಒಣಗಿಸ್ತಿದ್ದಾರೆ.

ದಾರಿ ಸಿಕ್ಕಿದ್ದು ಒಂದು ಅವಮಾನದಿಂದ. ಮೂರನೇ ಸಲ ನೋಡೋಕೆ ಬಂದ ಒಬ್ಬ ಗಿರಾಕಿ, ಇನ್ನೇನು ಕೈ ಕುಲುಕಬೇಕು, ಟ್ಯಾಂಕ್ ಎತ್ತಿ ನೋಡಬಹುದಾ ಅಂದ. ಎತ್ತಿದೆ. ಮಾಸ್ಟರ್ ಸಿಲಿಂಡರಿನ ಕೆಳಗೆ ಫ್ರೇಮಿನ ಬಣ್ಣ ಅಂಗೈ ಅಗಲ ಎದ್ದು ಹೋಗಿತ್ತು. ಆ ಕಾಲದ ಗಾಡಿಗಳಲ್ಲಿ ಬ್ರೇಕ್ ಆಯಿಲ್ ಜಿನುಗಿ ಬಣ್ಣ ತಿನ್ನೋ ಜಾಗ ಅದೇ. ಸೀಲು ಬದಲಾಯಿಸಿ ಎರಡು ವರ್ಷವಾಗಿತ್ತು, ಸೋರಿಕೆ ಇರಲಿಲ್ಲ. ಬಣ್ಣ ಮಾತ್ರ ಹಾಗೇ ಬಿಟ್ಟಿದ್ದೆ. ಅವನು ನನ್ನ ಮುಖ ನೋಡಿ, "ಇನ್ನೇನೇನು ಹೇಳಿಲ್ಲ ನೀವು?" ಅಂದ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಅವತ್ತು ರಾತ್ರಿ ಟಾರ್ಚು ನೋಟ್‌ಬುಕ್ಕು ಹಿಡಿದು ಗಾಡಿ ಪಕ್ಕ ಕೂತೆ. ನನ್ನ ಶತ್ರು ಕೊಳ್ಳೋಕೆ ಬಂದರೆ ಏನೇನು ಹೇಳ್ತಾನೋ ಅದನ್ನೆಲ್ಲ ಬರೆದೆ. ಬಲಗಡೆ ಪುಷ್‌ರಾಡ್ ಟ್ಯೂಬಿನ ಬುಡದಲ್ಲಿ ಆಯಿಲ್ ಬೆವರು. ಎಡ ಪ್ಯಾನಿಯರಿನ ಬೀಗಕ್ಕೆ ಬೀಗದಕೈ ಇಲ್ಲ, ಸ್ಕ್ರೂಡ್ರೈವರಿಂದ ತೆಗೀಬೇಕು. ಫೇರಿಂಗಿನ ಒಳಗೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಾಣೋ ಹಾಗೆ, ಬೆರಳುದ್ದ ಬಿರುಕು, ಹಳೇ ರೆಸಿನ್ ಹಚ್ಚಿದ್ದು. ಎರಡನೇ ಗೇರಿಗೆ ಅವಸರದಲ್ಲಿ ಹಾಕಿದರೆ ಕಟಕ್ ಅನ್ನುತ್ತೆ. ವೋಲ್ಟ್‌ಮೀಟರ್ ಪಕ್ಕದ ಗಡಿಯಾರ ನಿಂತಿದೆ, ಎರಡು ಸಲ ರಿಪೇರಿಗೆ ಕೊಟ್ಟೆ, 2 ಹೋಯ್ತು, ಗಡಿಯಾರ ಓಡಲಿಲ್ಲ. ಟೈರಿನ ತಯಾರಿಕೆ ವಾರ ಮತ್ತು ವರ್ಷ. ಒಟ್ಟು 29 ಆಯ್ತು. ಪ್ರತಿಯೊಂದಕ್ಕೂ ಹತ್ತಿರದಿಂದ ತೆಗೆದ ಒಂದು ಫೋಟೋ, ಹಗಲು ಬೆಳಕಲ್ಲಿ, ಒರೆಸದೆ.

ಜಾಹೀರಾತಿನ ಮೊದಲ ಸಾಲೇ "ಈ ಗಾಡಿಯಲ್ಲಿ 29 ಕುಂದುಗಳಿವೆ". ಬೆಲೆ 85ರಿಂದ 100ಕ್ಕೆ ಏರಿಸಿದೆ. ಗೆಳೆಯರು ಮೂಗು ಮುರಿದರು ಅನ್ನೋದು ಸಣ್ಣ ಮಾತು. ಒಬ್ಬನಂತೂ ನನಗೆ ಮಾರೋ ಮನಸ್ಸೇ ಇಲ್ಲ, ಹೆಂಡತಿಗೆ ತೋರಿಸೋಕೆ ನಾಟಕ ಆಡ್ತಿದ್ದೀಯ ಅಂದ.

ಜೊತೆಗೆ ವಿಡಿಯೋ. ಒಂದೇ ಟೇಕ್, ಎಲ್ಲೂ ಕಟ್ ಇಲ್ಲ, ಐದು ನಿಮಿಷ. ಬೇಕಂತಲೇ ಹಿಂದಿನ ರಾತ್ರಿ ಸೈಡ್ ಸ್ಟ್ಯಾಂಡಲ್ಲಿ ನಿಲ್ಲಿಸಿದ್ದೆ. ಮೊದಲು ಅಂಗೈ ಎರಡೂ ಸಿಲಿಂಡರ್ ಮೇಲೆ, ತಣ್ಣಗಿದೆ ಅಂತ ಗೊತ್ತಾಗಲಿ. ಚೋಕ್, ಬಟನ್, ಎರಡೇ ಸುತ್ತಲ್ಲಿ ಇಂಜಿನ್ ಹಿಡೀತು, ಎಡಗಡೆ ನೀಲಿ ಹೊಗೆ. ಕ್ಯಾಮೆರಾ ಹೊಗೆ ಮೇಲೇ ಇಟ್ಟೆ, ಅದು ಪೂರ್ತಿ ನಿಲ್ಲೋ ತನಕ. ಆಮೇಲೆ ಐಡಲ್‌ನಲ್ಲಿ ಚಾರ್ಜಿಂಗ್ ದೀಪ ಮಂದವಾಗಿ ಮಿನುಗೋದು, 3,000 ಆರ್‌ಪಿಎಂ ದಾಟಿದರೆ ವೋಲ್ಟ್‌ಮೀಟರ್ 13.8ರ ಆಸುಪಾಸಿಗೆ ಬರೋದು. ಈ ದೀಪ ನೋಡಿ ಆಲ್ಟರ್ನೇಟರ್ ರೋಟರ್ ಹೋಗಿದೆ ಅಂತ ಓಡಿದವರು ಮುಂಚೆ ಇಬ್ಬರಿದ್ದರು. ವಿಡಿಯೋ ನೋಡಿ ಬಂದವರಲ್ಲಿ ಅದನ್ನ ಕೇಳಿದವರೇ ಇಲ್ಲ.

ಆದರೆ ನಿಜವಾಗಿ ಗಾಡಿ ಮಾರಿದ್ದು ಇಂಜಿನ್ ವಾಲ್ವಿನ ಸಂದು ಅಳೆದು ಬರೆದಿಟ್ಟ ನನ್ನ ವಾಲ್ವ್ ಪುಸ್ತಕ. ಇನ್‌ಟೇಕ್ 0.10, ಎಕ್ಸಾಸ್ಟ್ 0.20 ಎಂಎಂ ಅಂತ ಸೆಟ್ ಮಾಡೋದು ಎಲ್ಲರೂ ಮಾಡ್ತಾರೆ. ಬಿಚ್ಚಿದಾಗ ಎಷ್ಟಿತ್ತು ಅಂತ ಬರೆದಿಡೋರು ಕಡಿಮೆ. ನಾನು ಹನ್ನೊಂದು ವರ್ಷ ಬರೆದಿದ್ದೆ, ಅದೂ ಆಯಿಲ್ ಬೆರಳಚ್ಚಿನ ಸಮೇತ. ಕೊನೆಯ 40,000 ಕಿಲೋಮೀಟರಲ್ಲಿ ಎಕ್ಸಾಸ್ಟ್ ಒಂದು ಸಲ 0.18 ಆಗಿದ್ದು ಬಿಟ್ಟರೆ ಬಿಗಿ ಆಗುತ್ತಾ ಹೋಗೇ ಇಲ್ಲ. ಅಂದರೆ ವಾಲ್ವ್ ಸೀಟಿನೊಳಗೆ ಇಳೀತಿಲ್ಲ. ಈ ಪುಟಗಳ ಫೋಟೋ ಹಾಕಿದ ಮೇಲೆ ಬರೋ ಫೋನಿನ ಗುಣವೇ ಬದಲಾಯ್ತು. "ಕೊನೇ ಬೆಲೆ" ಮಾಯ, "ಗೇರ್‌ಬಾಕ್ಸ್ ಸ್ಪ್ಲೈನಿಗೆ ಗ್ರೀಸ್ ಯಾವಾಗ ಹಚ್ಚಿದ್ದು" ಶುರು. ಅದರ ಫೋಟೋ ಕೂಡ ಇತ್ತು. ಸ್ಪ್ಲೈನ್ ಹಲ್ಲುಗಳ ಸವೆತ ಕಣ್ಣಿಗೆ ಕಾಣೋ ಹಾಗೆ ಫೋಟೋ ತೆಗೆಯೋದಕ್ಕೆ ಬೆಳಕು ಎಲ್ಲಿಡಬೇಕು ಅನ್ನೋದು ಕಲಿಯೋಕೆ ನನಗೆ ಎರಡು ಸಂಜೆ ಹಿಡೀತು. ಅದನ್ನ ನೀವೂ ಎರಡು ಸಂಜೆ ಕೂತು ಕಲೀರಿ.

ಮೊದಲ ಫೋಟೋ ಯಾವುದಿರಬೇಕು ಅಂತಲೂ ಅದಲು ಬದಲು ಮಾಡಿ ನೋಡಿದೆ. ಪಕ್ಕದಿಂದ ತೆಗೆದ ಇಡೀ ಗಾಡಿ ಮೊದಲಿಟ್ಟ ಮೂರು ವಾರದಲ್ಲಿ ಮೂವತ್ತರ ಹತ್ತಿರ ಫೋನು, ಬಂದವರು ಇಬ್ಬರು. ಇಂಜಿನ್ ಹೊಟ್ಟೆಯ ಕೆಳಗಿಂದ ತೆಗೆದ, ಆಯಿಲ್ ಬೆವರು ಕಾಣೋ ಫೋಟೋ ಮೊದಲಿಟ್ಟ ಮೂರು ವಾರದಲ್ಲಿ ಒಂಬತ್ತೋ ಹತ್ತೋ ಫೋನು, ಬಂದವರು ಐದು ಜನ. ಆಮೇಲೆ ಫೋನಲ್ಲೇ ಕೇಳೋ ಒಂದು ಪ್ರಶ್ನೆ ಹುಡುಕಿಕೊಂಡೆ. ಅದಕ್ಕೆ ಬರೋ ಉತ್ತರದಲ್ಲೇ ಮನುಷ್ಯ ಕೊಳ್ಳೋನೋ ಕಾಲ ಕಳೆಯೋನೋ ಗೊತ್ತಾಗ್ತಿತ್ತು. ಆ ಪ್ರಶ್ನೆ ಇಲ್ಲಿ ಬರೆಯಲ್ಲ, ಇನ್ನೊಂದು ಗಾಡಿ ಮಾರೋದಿದೆ.

ಪ್ಯಾನಿಯರ್ ಮಾತ್ರ ಕೊಡಿ, 11 ಕೊಡ್ತೀನಿ ಅಂತ ಒಬ್ಬ ಬಂದ. ಇಲ್ಲ ಅಂದೆ. ಅದಾದ ಮೇಲೆ ಎರಡು ವಾರ ಒಂದು ಫೋನೂ ಬರಲಿಲ್ಲ. ಆ 11 ನೆನೆದು ನಿದ್ದೆ ಹಾಳಾಯ್ತು, ಸುಳ್ಳು ಯಾಕೆ ಹೇಳಲಿ.

ಮೂವತ್ತನೇ ಕುಂದು ನನ್ನ ಬುದ್ಧಿಗೇಡಿತನದ್ದು. ಓಡಿಸಿ ನೋಡ್ತೀನಿ ಅಂದವನಿಗೆ ಕೀ ಕೊಟ್ಟೆ, ಲೈಸೆನ್ಸ್ ನೋಡಿದೆ, ಅಷ್ಟೇ. ಬಾಕ್ಸರ್ ಮೇಲೆ ಕೂತದ್ದೇ ಇಲ್ಲದವನು. ನಿಂತಲ್ಲೇ ಥ್ರಾಟಲ್ ಎಳೆದ, ಗಾಡಿ ಪಕ್ಕಕ್ಕೆ ತೂಗಿತು, ಗಾಬರಿಯಾಗಿ ಕಾಲು ಎತ್ತಿದ. ಇಂಜಿನ್ ಬಲಗಡೆ ಹೆಡ್ ಕವರ್ ಮೇಲೆ ಮೆಲ್ಲಗೆ, ಎಮ್ಮೆ ಮಲಗಿದ ಹಾಗೆ, ಮಲಗಿತು. ಯಾವ ಕವರ್ ಅಂತ ಕೇಳಬೇಡಿ. ಹೌದು, ಅದೇ. ಫೇರಿಂಗಿನ ಕನ್ನಡಿಯೂ ಹೋಯ್ತು, ಅದು ಮೂವತ್ತೊಂದು. ಖರ್ಚು 4, ಅವನು ಕೊಟ್ಟಿದ್ದು 1 ಮತ್ತು ಕ್ಷಮೆ. ಅವತ್ತಿಂದ ನಿಯಮ: ಪೂರ್ತಿ ದುಡ್ಡು ನನ್ನ ಕೈಯಲ್ಲಿ, ಆಮೇಲೆ ಕೀ. ಬೀಳಿಸಿದರೆ ಗಾಡಿ ನಿಮ್ಮದು. ಇದನ್ನ ಕೇಳಿ ವಾಪಸು ಹೋದವರು ನಾಲ್ಕು ಜನ. ಹೋಗಲಿ.

ಕೊಂಡವನು ಬಂದಾಗ ಸಿಲಿಂಡರಿನ ಒತ್ತಡ ಅಳೆಯೋ ಸ್ವಂತ ಕಂಪ್ರೆಷನ್ ಗೇಜ್ ತಂದಿದ್ದ. ಆಗಲೇ ಅಂದುಕೊಂಡೆ. ಪಟ್ಟಿಯನ್ನ ಪ್ರಿಂಟ್ ಮಾಡಿಸಿಕೊಂಡು, ಒಂದೊಂದೇ ಕುಂದನ್ನ ಗಾಡಿಯಲ್ಲಿ ಹುಡುಕಿ ಪೆನ್ಸಿಲಲ್ಲಿ ಗುರುತು ಹಾಕಿದ. ಎರಡು ಗಂಟೆ. ತಣ್ಣಗೆ ಸ್ಟಾರ್ಟ್ ಮಾಡಿದ, ಹೊಗೆ ನೋಡಿ ತಲೆಯಾಡಿಸಿದ. ನಿಯಮದಂತೆ ದುಡ್ಡು ನನ್ನ ಕೈಗಿಟ್ಟು, ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಅಳೆದ. ಎಡ 138, ಬಲ 142 ಪಿಎಸ್‌ಐ ಇರಬೇಕು. ನಾನು ಬರೆದಿದ್ದಕ್ಕಿಂತ ಬಲಗಡೆ ಎರಡು ಹೆಚ್ಚೇ ಬಂತು.

88 ಅಂದ. ನಾನು ಪಟ್ಟಿ ಮುಂದಿಟ್ಟು, "ಇದರಲ್ಲಿ ಇಲ್ಲದ ಒಂದು ಕುಂದು ತೋರಿಸಿ, 88ಕ್ಕೆ ಕೊಡ್ತೀನಿ" ಅಂದೆ. ಸುಮ್ಮನಾದ. ಚೌಕಾಶಿಗೆ ಅಂತಲೇ ಒಂದು ಸ್ಪೇರ್ ಎತ್ತಿಟ್ಟಿದ್ದೆ, ಆಗ ಅದನ್ನ ತಂದು ಸೀಟಿನ ಮೇಲಿಟ್ಟೆ. 94ಕ್ಕೆ ಮುಗೀತು. ಟೈರು, ಬ್ಯಾಟರಿ, ಸೀಟು, ಕನ್ನಡಿ ಎಲ್ಲ ಕಳೆದರೂ ಆ ವ್ಯಾಪಾರಿಯ 38ರ ಎರಡರಷ್ಟರ ಹತ್ತಿರ ಕೈಗೆ ಬಂತು. ಬಿಚ್ಚಿ ಮಾರು ಅಂದವರು ಈ ಸಾಲನ್ನ ಎರಡು ಸಲ ಓದಿಕೊಳ್ಳಲಿ.

ವಾಲ್ವ್ ಪುಸ್ತಕವೂ ಗಾಡಿ ಜೊತೆ ಹೋಯ್ತು. ಕೊಡೋ ಮುಂಚೆ ಎಲ್ಲ ಪುಟದ ಫೋಟೋ ತೆಗೆದಿಟ್ಟುಕೊಂಡೆ, ಯಾಕೆ ಅಂತ ನನಗೇ ಗೊತ್ತಿಲ್ಲ.

ಮೂರು ವಾರ ಬಿಟ್ಟು ಅವನದೇ ಫೋನು. ಏನೋ ಹೋಯ್ತು ಅಂತ ಎದೆ ಧಸಕ್ ಅಂತು. "ಪಟ್ಟಿಯಲ್ಲಿ ಹದಿನೇಳನೇದು ತಪ್ಪು" ಅಂದ. ಫೇರಿಂಗ್ ಬಿಚ್ಚಿದಾಗ ಗಡಿಯಾರದ ಹಿಂದೆ ಒಂದು ವಯರು ಸಡಿಲವಾಗಿತ್ತಂತೆ, ಒತ್ತಿದನಂತೆ. ಈಗ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡ್ತಿದೆಯಂತೆ.