ಕೊರಿಯಾದ ಮನೆಯಲ್ಲಿ ನೆಲ ಬಿಸಿಯಾಗದಿದ್ದರೆ: ನನ್ನ ಅನುಭವ

ಇಂಗ್ಲಿಷ್ ಕಲಿಸಲು ದೇಗುವಿಗೆ ಬಂದು, ಜನವರಿಯಲ್ಲಿ ಒಂದೇ ಕೋಣೆಯ ಮನೆಗೆ ಸೇರಿದೆ. ಇಲ್ಲಿನ ಮನೆಗಳಲ್ಲಿ ಬಾಯ್ಲರ್ ಕಾಯಿಸಿದ ನೀರು ನೆಲದಡಿಯ ಪೈಪ್‌ಗಳಲ್ಲಿ ಹರಿದು ಕೋಣೆ ಬೆಚ್ಚಗಾಗುತ್ತದೆ. ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು. ನೆಲ ಮಾತ್ರ ಮಂಜುಗಡ್ಡೆ. ಗೋಡೆಯ ಕಂಟ್ರೋಲರ್ 14 ಡಿಗ್ರಿ ತೋರಿಸುತ್ತಿತ್ತು.

ಬಾಯ್ಲರ್ ಆಫ್ ಮಾಡಿ ಆನ್ ಮಾಡಿದೆ, ಆಗಲಿಲ್ಲ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಕರೆಂಟ್ ಹೀಟರ್ ಕೊಂಡೆ, ಅದರ ಮುಂದೆ ಕೂತರಷ್ಟೇ ಬಿಸಿ.

ತಪ್ಪು ಇದ್ದದ್ದು ಕಂಟ್ರೋಲರ್‌ನ 'ವೇಚುಲ್' ಬಟನ್‌ನಲ್ಲಿ. ಹಾಗೆಂದರೆ 'ಹೊರಗೆ ಹೋಗಿದ್ದೇನೆ' ಅಂತ. ಅದರ ದೀಪ ಉರಿಯುತ್ತಿದ್ದರೆ ಪೈಪ್ ಹೆಪ್ಪುಗಟ್ಟದಷ್ಟು ಮಾತ್ರ ಬಾಯ್ಲರ್ ಓಡುತ್ತದೆ. ಮೊದಲು ಅದನ್ನು ಒತ್ತಿ ದೀಪ ಆರಿಸಿ. ಆಮೇಲೆ 'ನಾನ್‌ಬಾಂಗ್', ಅಂದರೆ 'ಮನೆ ಬಿಸಿಮಾಡುವುದು', ಒತ್ತಿ. ಅದರಲ್ಲಿ ಎರಡು ಬಗೆ ಇರುತ್ತದೆ. 'ಶಿಲ್ಲೆ' ಕೋಣೆಯ ಗಾಳಿಯ ಬಿಸಿ ನೋಡುತ್ತದೆ. 'ಓಂದೊಲ್' ನೆಲದ ಪೈಪಿನ ನೀರಿನ ಬಿಸಿ ನೋಡುತ್ತದೆ. ನನ್ನ ಕಂಟ್ರೋಲರ್ ಒಲೆಯ ಪಕ್ಕದಲ್ಲೇ ಇದೆ. ಅನ್ನಕ್ಕಿಟ್ಟರೆ ಸಾಕು, 'ಶಿಲ್ಲೆ'ಯಲ್ಲಿ ಬಾಯ್ಲರ್ ನಿಂತುಬಿಡುತ್ತಿತ್ತು. ಹಾಗಾಗಿ 'ಓಂದೊಲ್' ಆರಿಸಿ 55 ಡಿಗ್ರಿ ಇಟ್ಟೆ.

ಅಡುಗೆಮನೆ ಕಡೆ ನೆಲ ಬಿಸಿಯಾಯಿತು, ಹಾಸಿಗೆಯ ಕಡೆ ಇಲ್ಲ. ಸಿಂಕ್ ಕೆಳಗಿನ ಬಾಗಿಲು ತೆಗೆದು ನೋಡಿ. ಅಲ್ಲಿ ಸಾಲಾಗಿ ನೆಲದಡಿಗೆ ಹೋಗುವ ಪೈಪ್‌ಗಳು, ಒಂದೊಂದಕ್ಕೂ ಒಂದು ವಾಲ್ವ್. ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ನನ್ನಲ್ಲಿ ಎರಡು ಅಡ್ಡ ಇದ್ದವು. ನಿಧಾನವಾಗಿ ತಿರುಗಿಸಿ, ಜೋರು ಮಾಡಬೇಡಿ, ಹಳೇ ಹಿಡಿ ಮುರಿಯಬಹುದು.

ಸುಮಾರು ಎರಡು ಗಂಟೆ ಕಾಯಿರಿ. ನೆಲದ ಸಿಮೆಂಟು ಕಾಯಲು ಅಷ್ಟು ಹೊತ್ತು ಬೇಕು. ಬೆಚ್ಚಗಾದ ಮೇಲೆ 45ಕ್ಕೆ ಇಳಿಸಿದೆ, ಇಲ್ಲದಿದ್ದರೆ ಗ್ಯಾಸ್ ಬಿಲ್ ಜಾಸ್ತಿ. ಚಳಿಗಾಲದಲ್ಲಿ ಊರಿಗೆ ಹೋಗುವಾಗ ಪೂರ್ತಿ ಆಫ್ ಮಾಡಬೇಡಿ, 'ವೇಚುಲ್' ಇಟ್ಟು ಹೋಗಿ.