ಆರು ಗಂಟೆಯೊಳಗೆ ಆಡಬೇಕಾದ ಮಾತು

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಡೇರಿಯಲ್ಲಿ ಸೆಕ್ರೆಟರಿ. ಎರಡು ಹೊತ್ತು ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಚೀಟಿ ಕೊಡುವುದು, ಬಟವಾಡೆ ಮಾಡುವುದು ನನ್ನ ಕೆಲಸ. ಏಳೆಂಟು ವರ್ಷದಿಂದ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಂಡಿದ್ದೇನೆ. ನಮ್ಮೂರಲ್ಲಿ, ಅಕ್ಕಪಕ್ಕದ ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಗೆ ಹೋಗುತ್ತೇನೆ. ಹೋದವರ ಕಣ್ಣು ದಾನ ಕೊಡುತ್ತೀರಾ ಎಂದು ಕೇಳುತ್ತೇನೆ.

ಸಾವಿನ ಮನೆಯ ಬಾಗಿಲಲ್ಲಿ ನಿಂತು ಈ ಮಾತು ಆಡುವುದು ಎಷ್ಟು ಕಷ್ಟ ಅನ್ನೋದು ಆಡಿದವರಿಗೇ ಗೊತ್ತು. ಹೇಗೆ ಆಡಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ತಪ್ಪು ಮಾಡಿ ಮಾಡಿ ಕಲಿತೆ. ಬೇರೆ ಊರಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಮಾತಾಡಿದ್ದು ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ. ಬೋನಸ್ ಹಂಚುವ ದಿನ. ಎಲ್ಲರೂ ಬಂದಿರುತ್ತಾರೆ ಅಂತ ಆ ದಿನವನ್ನೇ ಆರಿಸಿಕೊಂಡೆ. ಒಂದು ಶಿಬಿರದಲ್ಲಿ ಕೊಟ್ಟಿದ್ದ ಕರಪತ್ರವನ್ನು ನಾಲ್ಕು ಸಲ ಓದಿಕೊಂಡು ಹೋಗಿದ್ದೆ. ತೀರಿಕೊಂಡ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. 15-20 ನಿಮಿಷದ ಕೆಲಸ. ಮನೆಯವರು ಒಂದು ರೂಪಾಯಿ ಕೊಡಬೇಕಾಗಿಲ್ಲ. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಎಲ್ಲರೂ ಕೊಡಬಹುದು. ಹೆಚ್‌ಐವಿ, ಹೆಪಟೈಟಿಸ್, ರಕ್ತದ ಕ್ಯಾನ್ಸರ್, ಹುಚ್ಚುನಾಯಿ ಕಡಿತದ ರೇಬಿಸ್ ಇಂಥ ಕೆಲವು ಕಾಯಿಲೆಯಿಂದ ಹೋದವರದ್ದು ಮಾತ್ರ ತೆಗೆದುಕೊಳ್ಳುವುದಿಲ್ಲ. ಒಂದಕ್ಷರ ತಪ್ಪಿಲ್ಲದೆ ಹೇಳಿದೆ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು, "ಒಳ್ಳೆ ದಿನ ಯಾಕಕ್ಕ ಸಾವಿನ ಮಾತು?" ಅಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ನಾನು ತುಂಬ ನೊಂದುಕೊಂಡೆ. ಇಷ್ಟು ಒಳ್ಳೆ ವಿಷಯ, ಇಷ್ಟು ಸ್ಪಷ್ಟವಾದ ಲೆಕ್ಕ, ಯಾಕೆ ಯಾರ ಮನಸ್ಸಿಗೂ ಇಳಿಯಲಿಲ್ಲ ಅಂತ.

ಮಾರನೇ ವರ್ಷ ನಮ್ಮತ್ತೆ ಹೋದರು. ಬದುಕಿದ್ದಾಗಲೇ, "ನಂದು ಕೊಟ್ಬುಡು ಕಣವ್ವ, ಮಣ್ಣಿಗ್ಯಾಕೆ" ಅಂದಿದ್ದರು. ಅರ್ಜಿ ತುಂಬಿರಲಿಲ್ಲ. ತುಂಬಿದ್ದರೂ ಕೊನೆಗೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಯಜಮಾನರು, ಮೈದುನ ಇಬ್ಬರೂ ಒಪ್ಪಿದರು. ಮೈಸೂರಿನಿಂದ ನೇತ್ರ ಬ್ಯಾಂಕಿನ ಇಬ್ಬರು ಬಂದರು. ನಡುಮನೆಯಲ್ಲಿ ಅತ್ತೆಯ ಸೀರೆಯನ್ನೇ ಅಡ್ಡ ಕಟ್ಟಿಕೊಟ್ಟೆವು. ಸ್ವಲ್ಪ ಹೊತ್ತಿಗೆ ಸೀರೆ ಬಿಚ್ಚಿದಾಗ ಅತ್ತೆ ಮಲಗಿದ ಹಾಗೇ ಮಲಗಿದ್ದರು. ರೆಪ್ಪೆ ಮುಚ್ಚಿತ್ತು. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಮುಖ ನೋಡಿದರು. ಹಾಲು ಹಾಕುವ ಒಬ್ಬಾಕೆ ಕೈ ಚಾಚಿ ಹುಬ್ಬಿನ ಕೆಳಗೆ ಮೆಲ್ಲಗೆ ಮುಟ್ಟಿ ನೋಡಿದರು. "ಏನೂ ಗೊತ್ತೇ ಆಗಲ್ವಲ್ಲಕ್ಕ" ಅಂದರು.

ಈಗ ಸಾಮಾನ್ಯವಾಗಿ ಇಡೀ ಕಣ್ಣುಗುಡ್ಡೆ ತೆಗೆಯುವುದಿಲ್ಲ, ಮುಂಭಾಗದಲ್ಲಿರುವ ಗಾಜಿನಂಥ ಪದರ, ಅಂದರೆ ಕಾರ್ನಿಯಾ ಮಾತ್ರ ತೆಗೆಯುತ್ತಾರೆ. ಮುಖ ಕೆಡುವುದಿಲ್ಲ. ಸಭೆಯಲ್ಲಿ ಇದನ್ನೂ ಹೇಳಿದ್ದೆ. ಆದರೆ ಅವರು ನಂಬಿದ್ದು ಆ ದಿನ, ನಮ್ಮತ್ತೆಯ ಮುಖ ನೋಡಿದ ಮೇಲೆ. ಆಮೇಲೆ ಯಾವ ಮನೆಗೆ ಹೋದರೂ, "ನಮ್ಮನೇಲೂ ಕೊಟ್ಟಿದ್ದೀವಿ" ಅನ್ನೋದೇ ನನ್ನ ಮೊದಲ ಮಾತಾಯಿತು.

ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಒಂದು ಸಲ ರಜೆಗೆ ಬಂದಾಗ ಇದನ್ನೆಲ್ಲ ಕೇಳಿ, "ಅಮ್ಮ, ನೀನು ಹೇಳ್ತಿರೋದನ್ನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆನೇ ಬರೆದಿಟ್ಟಿದ್ದಾನೆ" ಅಂದಳು. ಜನರನ್ನು ಒಪ್ಪಿಸುವುದಕ್ಕೆ ಮೂರು ದಾರಿ ಅಂತೆ. ಮಾತಾಡುವವರ ಮೇಲಿನ ನಂಬಿಕೆ, ಅದು ಈಥೋಸ್. ಕೇಳುವವರ ಮನಸ್ಸನ್ನು ತಟ್ಟುವುದು ಪೇಥೋಸ್. ಮಾತಿನೊಳಗಿನ ಕಾರಣ, ಲೆಕ್ಕ, ಪುರಾವೆ ಲೋಗೋಸ್. ಇದರ ಜೊತೆಗೆ ಗ್ರೀಕರು ಕೈರೋಸ್ ಅಂತ ಇನ್ನೊಂದನ್ನು ಹೇಳುತ್ತಿದ್ದರಂತೆ, ತಕ್ಕ ಸಮಯ ಅಂತ. ನನಗೆ ತಕ್ಷಣ ಹೊಳೆದದ್ದು ನಮ್ಮ ‘ಹದ’ ಅನ್ನುವ ಮಾತು. ಮಣ್ಣು ಹದಕ್ಕೆ ಬಂದಾಗ ಬಿತ್ತಬೇಕು ಅಂತೀವಲ್ಲ, ಅದೇ. ಬೋನಸ್ ದಿನ ನಾನು ಬಿತ್ತಿದ್ದು ಹದ ಇಲ್ಲದ ನೆಲದಲ್ಲಿ.

ನಂಬಿಕೆಯ ವಿಷಯ ಇನ್ನೊಂದಿಷ್ಟು ಹೇಳಬೇಕು. ಹಾಲಿನ ದರ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ, ಅಂದರೆ ಹಾಲಿನ ಜಿಡ್ಡು ಮತ್ತು ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶದ ಮೇಲೆ. ಡೇರಿಯಲ್ಲಿ ಜಗಳ ಆಗುವುದೂ ಅಲ್ಲೇ. ಹಾಗಾಗಿ ನಾನು ಮೊದಲಿನಿಂದಲೂ ಯಂತ್ರದ ಪರದೆಯನ್ನು ಹಾಲು ಹಾಕುವವರ ಕಡೆಗೇ ತಿರುಗಿಸಿ ಇಟ್ಟಿದ್ದೇನೆ. ಅಂಕಿ ಮೊದಲು ಅವರು ನೋಡುತ್ತಾರೆ, ಆಮೇಲೆ ನಾನು ಬರೆದುಕೊಳ್ಳುತ್ತೇನೆ. ಸಾವಿನ ಮನೆಯಲ್ಲಿ ನನ್ನ ಮಾತಿಗೆ ಕಿವಿ ಕೊಡುವುದು ಅದರಿಂದಲೇ ಅಂತ ನನಗೆ ಗೊತ್ತು. ದಿನಾ ಎರಡು ಹೊತ್ತು, ವರ್ಷಗಟ್ಟಲೆ, ಒಂದೊಂದು ಪಾಯಿಂಟ್ ಫ್ಯಾಟ್‌ನಲ್ಲಿ ಕೂಡಿಟ್ಟ ನಂಬಿಕೆ ಅದು. ನಮ್ಮನ್ನು ಯಾರೂ ಅರಿಯದ ಊರಿಗೆ ಹೋದಾಗ ನಾನು ಮಾತೇ ಆಡುವುದಿಲ್ಲ. ಆ ಊರಿನ ಡೇರಿಯವರನ್ನೋ ಆಶಾ ಕಾರ್ಯಕರ್ತೆಯನ್ನೋ ಮುಂದೆ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ.

ಆ ನಂಬಿಕೆಯನ್ನು ಒಂದು ಸಲ ಕಳೆದುಕೊಂಡೆ. ಇದನ್ನು ಬರೆಯಲೇಬೇಕು.

ಒಂದು ಮನೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗ ಬೈಕ್ ಅಪಘಾತದಲ್ಲಿ ಹೋಗಿದ್ದ. ತಾಯಿ ಒಪ್ಪುತ್ತಿರಲಿಲ್ಲ. ಹೊತ್ತು ಮೀರುತ್ತಿತ್ತು. ನಾನು ಅವರ ಕೈ ಹಿಡಿದು, "ನಿಮ್ಮ ಮಗನ ಕಣ್ಣು ಇನ್ನೊಬ್ಬರ ಮುಖದಲ್ಲಿ ನಿಮ್ಮನ್ನ ನೋಡ್ತದೆ, ಅವರನ್ನ ನೀವೂ ನೋಡಬಹುದು" ಅಂದುಬಿಟ್ಟೆ. ಅವರು ಒಪ್ಪಿದರು. ಆದರೆ ಕಣ್ಣು ಯಾರಿಗೆ ಹಾಕಿದರು ಅನ್ನೋದನ್ನು ನೇತ್ರ ಬ್ಯಾಂಕಿನವರು ಹೇಳುವುದಿಲ್ಲ. ಎರಡೂ ಕಡೆಯವರ ಗುರುತನ್ನು ಗುಟ್ಟಾಗಿಡುವುದು ನಿಯಮ. ನನಗೆ ಅದು ಗೊತ್ತಿತ್ತು. ಆ ಗಳಿಗೆಯಲ್ಲಿ ಒಪ್ಪಿಸಿದರೆ ಸಾಕು ಅನ್ನಿಸಿತ್ತು. ಆ ತಾಯಿ ತಿಂಗಳು ತಿಂಗಳೂ ಡೇರಿ ಹತ್ತಿರ ಬಂದು ನಿಲ್ಲುತ್ತಿದ್ದರು. ಹಾಲಿನ ಸಾಲು ಕರಗುವವರೆಗೆ ಕಂಬಕ್ಕೆ ಒರಗಿ ಕಾಯುತ್ತಿದ್ದರು. "ಏನಾರ ಗೊತ್ತಾಯ್ತಾ ಅಕ್ಕ?" ಅಂತ ಕೇಳುತ್ತಿದ್ದರು. ಐದನೇ ತಿಂಗಳು ನಿಜ ಹೇಳಿದೆ. ಅವರು ಏನೂ ಬೈಯಲಿಲ್ಲ. ಸುಮ್ನೆ ಹೊರಟುಹೋದರು. ಆ ಮನೆಯ ಹಾಲು ಆಮೇಲೆ ನಮ್ಮ ಡೇರಿಗೆ ಬರಲಿಲ್ಲ.

ಮನಸ್ಸನ್ನು ತಟ್ಟುವುದು ಬೇರೆ, ದುಃಖದಲ್ಲಿರುವವರ ದುಃಖವನ್ನೇ ಹಿಡಿದು ಎಳೆಯುವುದು ಬೇರೆ. ಎರಡನೆಯದನ್ನು ನಾನು ಮಾಡಿದ್ದೆ. ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ವರ್ಷ ಕಳೆದ ಮೇಲೆ ಅದೇ ಮನುಷ್ಯರ ಎದುರು ನಿಂತು ಮತ್ತೆ ಹೇಳಲಾಗದ ಮಾತನ್ನು ಈ ಹೊತ್ತು ಹೇಳುವುದಿಲ್ಲ.

2021ರ ಅಕ್ಟೋಬರ್ 29. ಅಪ್ಪು ಹೋದ ದಿನ. ನಮ್ಮೂರ ಸರ್ಕಲ್‌ನಲ್ಲಿ, ಅರಳಿಕಟ್ಟೆಯಲ್ಲಿ, ಆಲೆಮನೆಯ ಗೋಡೆಯ ಮೇಲೆ ಎಲ್ಲ ಕಡೆ ಅವರ ಫೋಟೊ. ಅವರ ಕಣ್ಣಿನಿಂದ ನಾಲ್ಕು ಜನರಿಗೆ ಕಣ್ಣು ಬಂತು ಅನ್ನುವ ಸುದ್ದಿ ಬಂದ ಮೇಲೆ, ನಾನು ವರ್ಷಗಟ್ಟಲೆ ಹೇಳಿದ್ದು ಒಂದೇ ವಾರದಲ್ಲಿ ಊರಿಗೆ ಅರ್ಥವಾಯಿತು. ಹುಡುಗರು ತಾವಾಗೇ ಬಂದು ಅರ್ಜಿ ಕೇಳಿದರು. ಅಪ್ಪು ಕಣ್ಣುದಾನ ಮಾಡಿ ಅಂತ ಮನೆಮನೆಗೆ ಬಂದು ಭಾಷಣ ಮಾಡಿರಲಿಲ್ಲ, ಕೊಟ್ಟು ಹೋಗಿದ್ದರು. ನಂಬಿಕೆಯೂ ಭಾವನೆಯೂ ಅವರಲ್ಲಿ ಒಂದೇ ಆಗಿತ್ತು. ಒಂದು ಮಾತು ಮಾತ್ರ ನಾನು ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಸಾಮಾನ್ಯವಾಗಿ ಒಬ್ಬರ ಎರಡು ಕಾರ್ನಿಯಾ ಇಬ್ಬರಿಗೆ. ಅಪ್ಪು ಅವರದ್ದನ್ನು ಡಾಕ್ಟರುಗಳು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಿದರು. "ನಮ್ಮಪ್ಪಂದೂ ನಾಲ್ಕು ಜನಕ್ಕೆ ಬತ್ತದಾ?" ಅಂತ ಕೇಳಿದರೆ, ಇಬ್ಬರಿಗೆ ಬರಬಹುದು ಅಂತೀನಿ. ಜಾಸ್ತಿ ಹೇಳಲ್ಲ.

ಎಲ್ಲಕ್ಕಿಂತ ಗಟ್ಟಿ ವಾದ ನನ್ನ ಬಾಯಿಂದ ಬಂದದ್ದಲ್ಲ. "ಈ ಜನ್ಮದಲ್ಲಿ ಕಣ್ಣು ಕೊಟ್ರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರೆ" ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಮೊದಮೊದಲು ನಾನು, ಹಾಗೆಲ್ಲ ಇಲ್ಲ, ಅದು ಮೂಢನಂಬಿಕೆ ಅನ್ನುತ್ತಿದ್ದೆ. ಅವರ ಮುಖ ಗಂಟಾಗುತ್ತಿತ್ತು. ಅವರ ಅಪ್ಪ ಅಜ್ಜ ನಂಬಿದ್ದನ್ನು ನಾನು ಒಂದೇ ಮಾತಲ್ಲಿ ತಳ್ಳಿಹಾಕಿದರೆ ಇನ್ನೇನಾಗುತ್ತೆ? ಒಂದು ದಿನ ಡೇರಿಯಲ್ಲಿ ಇದೇ ಮಾತು ಬಂದಾಗ, ಎಂಬತ್ತು ದಾಟಿದ ಒಬ್ಬ ಅಜ್ಜಿ ಕ್ಯಾನ್ ಕೆಳಗಿಟ್ಟು, "ಬೇಡರ ಕಣ್ಣಪ್ಪ ಶಿವುನ್ಗೆ ಕಣ್ ಕಿತ್ಕೊಟ್ಟ. ಶಿವ ಅವುನ್ನ ಕುಲ್ಡನ್ ಮಾಡುದ್ನಾ? ಪಕ್ಕದಲ್ಲೇ ಕೂರುಸ್ಕೊಂಡ" ಅಂದರು. ಸಾಲಿನಲ್ಲಿ ನಿಂತಿದ್ದವರೆಲ್ಲ ಸುಮ್ಮನಾದರು. ನನಗೆ ಮೈ ಜುಮ್ ಅಂತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪನಾಗಿಯೇ ರಾಜ್‌ಕುಮಾರ್ ನಾಯಕನಟರಾದದ್ದು. 2006ರ ಏಪ್ರಿಲ್ 12ರಂದು ಅವರು ಹೋದಾಗ ಅವರ ಕಣ್ಣೂ ದಾನವಾಯಿತು. ಹದಿನೈದು ವರ್ಷದ ಮೇಲೆ ಮಗನದ್ದು. ಈಗ ನಾನು ಆ ಪ್ರಶ್ನೆ ಬಂದ ಕೂಡಲೇ ಅಜ್ಜಿಯ ಮಾತನ್ನೇ ಹೇಳುತ್ತೇನೆ, ಅಜ್ಜಿ ಹೇಳಿದ್ದು ಅಂತಲೇ ಹೇಳುತ್ತೇನೆ. ಜನರ ನಂಬಿಕೆಯೊಳಗೇ ಉತ್ತರ ಇರುತ್ತದೆ. ಹುಡುಕುವುದಕ್ಕೆ ತಾಳ್ಮೆ ಬೇಕು.

ಹಾಗಾದರೆ ಕರಪತ್ರದ ಲೆಕ್ಕವೆಲ್ಲ ದಂಡವಾ? ಇಲ್ಲ. ಅದು ಕೆಲಸಕ್ಕೆ ಬರುವ ಜಾಗ ಬೇರೆ. ಇದು ನನಗೆ ಹೊಳೆದದ್ದು ತೀರಾ ತಡವಾಗಿ, ಆದರೆ ಮುಖ್ಯವಾದದ್ದು ಇದೇ ಅನ್ನಿಸುತ್ತದೆ.

ಸಾವಿನ ಮನೆಯಲ್ಲಿ ಮಗ ಒಪ್ಪುತ್ತಾನೆ. ಮನಸ್ಸು ಕರಗಿಯೇ ಒಪ್ಪುತ್ತಾನೆ. ಅರ್ಧ ಗಂಟೆಗೆ ಸೋದರಮಾವ ಬರುತ್ತಾರೆ, ದೊಡ್ಡಪ್ಪನ ಮಕ್ಕಳು ಬರುತ್ತಾರೆ. "ಯಾರನ್ನ ಕೇಳಿ ಒಪ್ಕಂಡೆ?" ಅಂತಾರೆ. ಆಗ ಕರಗಿದ ಮನಸ್ಸು ಸಾಕಾಗುವುದಿಲ್ಲ. ಹತ್ತು ಜನರ ಎದುರು ಹೇಳುವುದಕ್ಕೆ ಅವನಿಗೆ ಮಾತು ಬೇಕು. ಎಷ್ಟೋ ಮನೆಯಲ್ಲಿ ಒಪ್ಪಿದವರು ಆ ಹೊತ್ತಿಗೆ ಹಿಂದೆ ಸರಿದಿದ್ದಾರೆ, ನನ್ನ ಕಣ್ಣೆದುರೇ. ಹಾಗಾಗಿ ಈಗ ಒಪ್ಪಿದವರ ಕೈಗೆ ಮೂರು ಮಾತು ಕೊಟ್ಟು ಬರುತ್ತೇನೆ. ಮುಖ ಕೆಡಲ್ಲ. ದುಡ್ಡಿನ ವ್ಯವಹಾರ ಇಲ್ಲ, ಕಣ್ಣು ಮಾರುವುದು ಕೊಳ್ಳುವುದು ಕಾನೂನಿನಲ್ಲೇ ಅಪರಾಧ. ಮಣ್ಣಿಗೆ ತಡ ಆಗಲ್ಲ. ಈ ಮೂರನೆಯದು ಕರಪತ್ರದಲ್ಲಿ ಇರಲಿಲ್ಲ, ನಮ್ಮೂರಿನ ಲೆಕ್ಕ. ಬೆಂಗಳೂರಿನಿಂದ ಮಗಳು ಅಳಿಯ ಬರುವವರೆಗೆ ನಾವು ಹೇಗೂ ಕಾಯುತ್ತೇವೆ. ಅಷ್ಟರಲ್ಲಿ ಈ ಇಪ್ಪತ್ತು ನಿಮಿಷ ಕಳೆದುಹೋಗಿರುತ್ತದೆ. ಇದನ್ನು ಕೇಳಿದ ಮೇಲೆ ಸೋದರಮಾವಂದಿರೂ ತಲೆ ಆಡಿಸುತ್ತಾರೆ.

ಹದದ ವಿಷಯಕ್ಕೆ ಬರುತ್ತೇನೆ. 6 ಗಂಟೆ ಅಂದರೆ ಜಾಸ್ತಿ ಹೊತ್ತಲ್ಲ. ಸುದ್ದಿ ತಿಳಿಯುವುದಕ್ಕೆ ಒಂದು ಗಂಟೆ, ತಂಡ ಬರುವುದಕ್ಕೆ ಒಂದೂವರೆ. ಆದರೂ ಅಳು ಜೋರಾಗಿರುವಾಗ ಬಾಯಿ ತೆರೆಯಬಾರದು. ಹೋಗಿ ಕೈಮುಗಿದು ಕೂರುತ್ತೇನೆ. ಶಾಮಿಯಾನ, ಫೋನು, ಹೂವಿನ ಹಾರ ಇದನ್ನೆಲ್ಲ ನೋಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ, ಹೆಚ್ಚಾಗಿ ಅಳಿಯನೋ ತಮ್ಮನ ಮಗನೋ. ಅವರನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಒಂದೇ ಸಲ ಕೇಳುತ್ತೇನೆ: "ವಸಿ ಯೋಚನೆ ಮಾಡಿ ಹೇಳಪ್ಪ. ಬೇಡ ಅಂದ್ರೂ ನನಗೇನೂ ಬೇಜಾರಿಲ್ಲ." ಎರಡನೇ ಸಲ ಕೇಳುವುದಿಲ್ಲ. ಬೇಡ ಅಂದರೆ ಒಳಗೆ ಹೋಗಿ ಬಂದವರಿಗೆ ಕಾಫಿ ಕಾಯಿಸುವುದಕ್ಕೆ ಕೈ ಹಚ್ಚುತ್ತೇನೆ. ಗಂಡಸರು ಒಪ್ಪಿದರೂ, ಹೋದವರ ಹೆಂಡತಿಯನ್ನು ಕೇಳದೆ ನಾನು ನೇತ್ರ ಬ್ಯಾಂಕಿಗೆ ಫೋನ್ ಮಾಡುವುದಿಲ್ಲ. ಐವತ್ತು ವರ್ಷ ಬಾಳಿದವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನ ಮಾಡುವುದನ್ನು ನನ್ನ ಕೈಲಿ ನೋಡಕ್ಕಾಗಲ್ಲ.

ಹೋದ ತಿಂಗಳು ಸಂಜೆ ಹಾಲು ಮುಗಿಸುವ ಹೊತ್ತಿಗೆ ಪಕ್ಕದ ಬೀದಿಯಿಂದ ಸುದ್ದಿ ಬಂತು. ಕ್ಯಾನ್ ಮುಚ್ಚಿ ಹೋದೆ. ಅಳಿಯನಿಗೆ ಹೇಳಿದೆ, ಅವನು ಮಗನಿಗೆ ಹೇಳಿದ. ಇಬ್ಬರೂ ಹೂಂ ಅಂದರು. ಅಜ್ಜಿ ಗಂಡನ ತಲೆಯ ಹತ್ತಿರ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಗಂಡನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರುತ್ತಲೇ ಇದ್ದರು. ಕಣ್ಣು ಒಣಗದ ಹಾಗೆ ಒದ್ದೆ ಹತ್ತಿ ಇಡಬೇಕು, ತಲೆ ಕೆಳಗೆ ದಿಂಬು ಕೊಡಬೇಕು, ಫ್ಯಾನು ಆರಿಸಬೇಕು ಅಂತ ನಾನು ಅಳಿಯನಿಗೆ ಆಗಲೇ ಹೇಳಿದ್ದೆ. ಅದು ಅಜ್ಜಿಯ ಕಿವಿಗೂ ಬಿದ್ದಿತ್ತು ಅಂತ ಕಾಣುತ್ತೆ.

ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗನ ಕಡೆ ತಿರುಗಿ ಅಜ್ಜಿ, "ಫ್ಯಾನ್ ಆರ್ಸ್ಲಾ ಮಗ, ತಾತನ ಕಣ್ ಒಣಗ್ತದೆ" ಅಂದರು.

ನಾನು ಹೊರಗೆ ಬಂದು ಫೋನ್ ಮಾಡಿದೆ.